ಶ್ರೇಷ್ಠತೆಯ ಅಳತೆಗೋಲು

ಒಂದು ಕೃತಿಯನ್ನು ಶ್ರೇಷ್ಠವೆಂದು ಕರೆಯುವಾಗ ನಾವು ಅಳೆಯುವುದು ಏನನ್ನು? ಸಾಹಿತ್ಯದಲ್ಲಿ ಹಳೆಯದಾದ ಈ ಪ್ರಶ್ನೆ ಇಂಗ್ಲೆಂಡಿನ ಪ್ರೋಗ್ರೆಸಿವ್ ರಾಕ್ ಸಂಗೀತದ ರಸಿಕರನ್ನೂ ಅಷ್ಟೇ ಕಾಡಿದೆ. ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಮೀರಿ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮತ್ತು ಜಾಝ್‌ನ ವಿಸ್ತಾರವನ್ನು ರಾಕ್‌ಗೆ ತಂದ ಈ ಪ್ರಕಾರವು 1969ರಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಂನೊಂದಿಗೆ ಸ್ಪಷ್ಟ ರೂಪ ತಳೆಯಿತು. ಅದರ ಅತ್ಯುತ್ತಮ ಆಲ್ಬಂ ಯಾವುದೆಂಬ ವಾದ ಅರ್ಧ ಶತಮಾನ ಕಳೆದರೂ ಮುಗಿದಿಲ್ಲ.

ಈ ವಾದದಲ್ಲಿ ಸುಲಭದ ದಾರಿಗಳು ಎರಡು. ಮೊದಲನೆಯದು ಎಣಿಕೆ. ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973) ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರ ಹೊತ್ತಿಗೆ 741 ವಾರ ಕಾಣಿಸಿಕೊಂಡಿತ್ತು. ಆದ್ದರಿಂದ ಅದೇ ಶ್ರೇಷ್ಠ ಎನ್ನುವುದು. ಎರಡನೆಯದು, ಅವರವರ ರುಚಿ ಅವರವರಿಗೆ ಎಂದು ಸುಮ್ಮನಾಗುವುದು. ಒಂದು ತೀರ್ಪನ್ನು ಮಾರುಕಟ್ಟೆಗೆ ಒಪ್ಪಿಸುತ್ತದೆ, ಇನ್ನೊಂದು ತೀರ್ಪೇ ಬೇಡವೆನ್ನುತ್ತದೆ. ಎರಡರಲ್ಲಿಯೂ ಕೃತಿಯನ್ನು ಕೇಳುವ ಶ್ರಮವಿಲ್ಲ.

ಯೆಸ್ ತಂಡದ ಎರಡು ಆಲ್ಬಂಗಳನ್ನು ಜೊತೆಗಿಟ್ಟು ಕೇಳೋಣ. 1972ರ ‘ಕ್ಲೋಸ್ ಟು ದಿ ಎಡ್ಜ್’ನ ಶೀರ್ಷಿಕೆ ಗೀತೆ ಹದಿನೆಂಟು ನಿಮಿಷಗಳಿಗೂ ಮೀರಿ ಎಲ್‌ಪಿ ತಟ್ಟೆಯ ಒಂದು ಮಗ್ಗುಲನ್ನು ಪೂರ್ಣ ತುಂಬಿದೆ. ಆರಂಭದ ಕೋಲಾಹಲ, ನಡುವಿನ ನಿಶ್ಚಲತೆ, ಅದರೊಳಗಿಂದ ಮೇಲೇಳುವ ಚರ್ಚಿನ ಆರ್ಗನ್ ವಾದ್ಯದ ನಾದ, ಇವುಗಳಲ್ಲಿ ಒಂದನ್ನು ತೆಗೆದರೂ ಉಳಿದದ್ದು ನಿಲ್ಲದು. ಮರುವರ್ಷದ ‘ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್’ಗೆ ಪ್ರೇರಣೆಯಾದದ್ದು ಪರಮಹಂಸ ಯೋಗಾನಂದರ ಆತ್ಮಕಥೆಯಲ್ಲಿ ಭಾರತೀಯ ಶಾಸ್ತ್ರಗಳನ್ನು ಕುರಿತಾದ ಒಂದು ಅಡಿಟಿಪ್ಪಣಿ. ಅದು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಏರಿತು. ಆದರೆ ನಾಲ್ಕು ಮಗ್ಗುಲುಗಳನ್ನು ತುಂಬಿಸಲು ಹಿಗ್ಗಿಸಿದ ಸಂಗೀತವಿದು ಎಂಬ ಅತೃಪ್ತಿ ತಂಡದ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅವರಿಗೇ ಇತ್ತು. 1974ರಲ್ಲಿ ಅವರು ತಂಡವನ್ನು ತೊರೆದರು. ಮೂಲದ ಹಿರಿಮೆಯಾಗಲಿ, ಗಾತ್ರವಾಗಲಿ, ಜನಪ್ರಿಯತೆಯಾಗಲಿ ಕೃತಿಯನ್ನು ಶ್ರೇಷ್ಠವಾಗಿಸದು. ತಾನೇ ಹೊತ್ತ ಭಾರವನ್ನು ಕೃತಿ ಗುರಿ ಮುಟ್ಟಿಸಿತೇ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಕೃತಿಯಂತೆಯೇ ಅದನ್ನು ಅಳೆಯುವವರನ್ನೂ ಪರೀಕ್ಷಿಸಬೇಕಾಗುತ್ತದೆ. ಇಟಲಿಯ ಪ್ರೆಮಿಯಾಟಾ ಫೊರ್ನೆರಿಯಾ ಮಾರ್ಕೋನಿ ತಂಡವು 1972ರಲ್ಲಿ ಎರಡು ಆಲ್ಬಂಗಳನ್ನು ತನ್ನ ನುಡಿಯಲ್ಲೇ ಹಾಡಿತು. ಇಂಗ್ಲಿಷ್ ಜಗತ್ತಿಗೆ ಅದರ ಪರಿಚಯವಾದದ್ದು 1973ರ ‘ಫೋಟೋಸ್ ಆಫ್ ಘೋಸ್ಟ್ಸ್’ ಮೂಲಕ. ಕಿಂಗ್ ಕ್ರಿಮ್ಸನ್‌ಗೆ ಗೀತೆ ಬರೆದಿದ್ದ ಪೀಟ್ ಸಿನ್‌ಫೀಲ್ಡ್ ಅದಕ್ಕೆ ಇಂಗ್ಲಿಷ್ ಸಾಹಿತ್ಯ ಒದಗಿಸಿದರು. ಸಂಗೀತ ಬಹುಪಾಲು ಹಿಂದಿನದೇ, ಬದಲಾದದ್ದು ಭಾಷೆ. ಹಾಗಾದರೆ ಮೊದಲು ಕೊರತೆಯಿದ್ದದ್ದು ಕೃತಿಯಲ್ಲೋ, ಕೇಳುವ ಕಿವಿಯಲ್ಲೋ?

ರಾಜ್ಯದ ಗಡಿಯಾಚೆ ನಿಂತು ಕನ್ನಡದಲ್ಲಿ ಬರೆಯುವ ನಮಗೆ ಇದು ಪರದೇಶದ ಪ್ರಶ್ನೆಯಲ್ಲ. ಪಟ್ಟಿಯಲ್ಲಿ ಹೆಸರಿಲ್ಲವೆಂದು ನಮ್ಮ ಬರಹವನ್ನು ನಾವೇ ಕೀಳೆಂದು ಬಗೆಯಬೇಕಿಲ್ಲ. ಗಡಿನಾಡಿನದೆಂಬ ಕಾರಣಕ್ಕೆ ರಿಯಾಯಿತಿಯನ್ನೂ ಬೇಡಬಾರದು. ಪೂರ್ತಿ ಕೇಳಿ, ಮತ್ತೊಮ್ಮೆ ಕೇಳಿ, ಬಳಿಕ ತೂಗುವ ಸಹೃದಯರನ್ನು ಬಯಸುವ ನಾವು ಪರರ ಕೃತಿಯ ಮುಂದೆ ಅಂಥ ಸಹೃದಯರಾಗುವುದೇ ನ್ಯಾಯ.