ಸತ್ತ ದಿನದಿಂದ ಪೌರ

ಪೌರತ್ವಕ್ಕೆ ಒಂದು ತಾರೀಖು ಇರುತ್ತದೆ. ಹುಟ್ಟಿನಿಂದ ಬಂದವರಿಗೆ ಹುಟ್ಟಿದ ದಿನ, ಬೇಡಿ ಪಡೆದವರಿಗೆ ಪ್ರಮಾಣವಚನ ತೆಗೆದುಕೊಂಡ ದಿನ. ಹೊಸೆ ಆಂಟೋನಿಯೊ ಗುಟಿಯೆರೆಜ್‌ಗೆ ಅದು 2003ರ ಮಾರ್ಚ್ 21, ಅವನು ಸತ್ತ ದಿನ. ಮರಣೋತ್ತರ ಪೌರತ್ವ ಸಿಕ್ಕವನು ಸಾಯುವ ಹೊತ್ತಿಗೆ ಪೌರನಾಗಿದ್ದ ಎಂದು ಪರಿಗಣಿಸಬೇಕೆನ್ನುತ್ತದೆ ಅಮೆರಿಕದ ಕಾನೂನು. ಬದುಕಿದ್ದ ಒಂದು ಬೆಳಗೂ ಅದರ ಲೆಕ್ಕದಲ್ಲಿಲ್ಲ. ಇದು ತಿಳಿದಾಗಿನಿಂದ ನನ್ನ ಮನಸ್ಸಿಗೆ ಸಮಾಧಾನವಿಲ್ಲ.

ಅವನು ಗ್ವಾಟೆಮಾಲದವನು. 1960ರಿಂದ 1996ರವರೆಗೆ ಅಂತರ್ಯುದ್ಧದಲ್ಲಿ ಬೆಂದ ದೇಶ ಅದು. ಎಳವೆಯಲ್ಲೇ ತಬ್ಬಲಿಯಾಗಿ ರಾಜಧಾನಿಯ ಬೀದಿಗಳಲ್ಲಿ ಬೆಳೆದ. ಬೀದಿ ಮಕ್ಕಳ ಆಶ್ರಯವೊಂದು ಅವನನ್ನು ಎತ್ತಿಕೊಂಡಿತು. ಆಮೇಲೆ ಮೆಕ್ಸಿಕೊದ ಗೂಡ್ಸ್ ರೈಲುಗಳನ್ನು ಹತ್ತಿ ಉತ್ತರಕ್ಕೆ ಹೊರಟ. ಆ ರೈಲುಗಳಲ್ಲಿ ಕೂರಲು ಜಾಗವೆಂಬುದಿಲ್ಲ. ಡಬ್ಬಿಯ ನೆತ್ತಿಯ ಮೇಲೆ, ಕಂಬಿ ಹಿಡಿದುಕೊಂಡು, ನಿದ್ದೆ ಬಂದರೆ ಉರುಳಿ ಚಕ್ರಕ್ಕೆ ಸಿಗುವ ಭಯದಲ್ಲಿ ಹೋಗಬೇಕು. ಕಾಗದಪತ್ರವಿಲ್ಲದೆ ಗಡಿ ದಾಟಿದ. ಕ್ಯಾಲಿಫೋರ್ನಿಯಾದಲ್ಲಿ ಸಾಕುಮನೆಗಳು ಸಿಕ್ಕವು, ಶಾಲೆ ಸಿಕ್ಕಿತು, ಫುಟ್‌ಬಾಲ್ ಸಿಕ್ಕಿತು. ಕಟ್ಟಡಗಳ ನಕ್ಷೆ ಬರೆಯುವ ಆರ್ಕಿಟೆಕ್ಟ್ ಆಗುವ ಆಸೆಯಿತ್ತು. ಗ್ರೀನ್ ಕಾರ್ಡ್ ಹಿಡಿದು ಮರೀನ್ ಪಡೆ ಸೇರಿದ. ಇರಾಕ್ ದಾಳಿ ಶುರುವಾದ ಎರಡನೆಯ ದಿನ ಉಮ್ ಕಸರ್ ಬಂದರಿನ ಬಳಿ ಗುಂಡು ತಗುಲಿ ಸತ್ತ. ಶತ್ರುವಿನ ಗುಂಡೆಂದು ಮೊದಲು ಸುದ್ದಿಯಾಯಿತು. ಅದು ತನ್ನವರದೇ ಗುಂಡೆಂದು ಆಮೇಲೆ ಗೊತ್ತಾಯಿತು. ಸತ್ತ ಕೆಲವೇ ದಿನಗಳಲ್ಲಿ ಪೌರತ್ವ ಬಂತು.

ಇದು ಗೌರವವಲ್ಲವೇ ಎಂದು ಕೇಳಬಹುದು. ಗೌರವವೇ. ತಮ್ಮನನ್ನು ಕಳೆದುಕೊಂಡ ಅಕ್ಕನ ಕೈಗೆ ಬಂದ ಕಾಗದವನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ. ಆದರೆ ಪೌರತ್ವವೂ ಪದಕವೂ ಒಂದೇ ಜಾತಿಯ ವಸ್ತುಗಳಲ್ಲ. ಪದಕ ನಡೆದುಹೋದದ್ದಕ್ಕೆ ಸಲ್ಲುತ್ತದೆ, ಆದ್ದರಿಂದ ಸತ್ತವನಿಗೂ ಸಲ್ಲಬಹುದು. ಪೌರತ್ವ ಇನ್ನು ನಡೆಯಬೇಕಾದದ್ದಕ್ಕೆ ಸಂಬಂಧಿಸಿದ್ದು: ಮತ ಹಾಕುವುದು, ಅಕ್ಕನನ್ನು ಕರೆಸಿಕೊಳ್ಳುವುದು, ತನ್ನನ್ನು ಕಳಿಸಿದ ಯುದ್ಧ ಸರಿಯೇ ಎಂದು ಗಟ್ಟಿಯಾಗಿ ಕೇಳುವುದು. ಅದು ಕೊಡುವವನಿಗೂ ಪಡೆಯುವವನಿಗೂ ನಡುವಿನ ಮಾತು. ಒಬ್ಬನ ಬಾಯಿ ಶಾಶ್ವತವಾಗಿ ಮುಚ್ಚಿದ ಮೇಲೆ ಆಡಿದ್ದು ಮಾತುಕತೆಯಾಗುವುದಿಲ್ಲ. ಮತ ಕೇಳದ, ಕೆಲಸ ಕೇಳದ, ಯಾವ ಪ್ರಶ್ನೆಯನ್ನೂ ಎತ್ತದ ಪೌರನನ್ನು ಒಪ್ಪಿಕೊಳ್ಳುವುದು ಯಾವ ದೇಶಕ್ಕೂ ಸುಲಭ.

ನಮ್ಮ ವೀರಗಲ್ಲುಗಳ ಮುಂದೆ ನಿಂತಾಗ ನನಗೆ ಇದೇ ಯೋಚನೆ ಬರುತ್ತದೆ. ಸಾಮಾನ್ಯವಾಗಿ ಮೂರು ಹಂತದ ಕಲ್ಲು: ಕೆಳಗೆ ಕಾದಾಟ, ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಸನ್ನಿಧಿ. ತುರು ಕಾಯಲು ಹೋಗಿ ಬಿದ್ದವನು ಮೇಲಿನ ಹಂತದಲ್ಲಿ ಕೈಲಾಸವಾಸಿ. ಅದೂ ಸತ್ತ ಮೇಲೆ ಸಿಕ್ಕ ನಿವಾಸವೇ. ಆದರೆ ಎಷ್ಟೋ ಕಲ್ಲುಗಳ ಬರಹ ಅಲ್ಲಿಗೆ ನಿಲ್ಲದೆ ಭೂಮಿಗೆ ಇಳಿಯುತ್ತದೆ. ಬಿದ್ದವನ ಮನೆಯವರಿಗೆ ಕೊಟ್ಟ ಹೊಲಗದ್ದೆಯ ಮಾತು ಬರುತ್ತದೆ. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ನೆನಪನ್ನು ಉಳಿದವರ ಅನ್ನದ ಜೊತೆ ಗಂಟು ಹಾಕಿದ ಆ ಪದ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಹೊಸೆ ಸತ್ತ ವಸಂತದಲ್ಲಿ ಮರಣೋತ್ತರ ಪೌರತ್ವದಿಂದ ಅವನ ಮನೆಯವರಿಗೆ ವಲಸೆಯ ಯಾವ ಹಕ್ಕೂ ಬರುತ್ತಿರಲಿಲ್ಲ. ಕಾನೂನು ಬದಲಾದದ್ದು ಅದೇ ವರ್ಷದ ನವೆಂಬರಿನಲ್ಲಿ.

ಸತ್ತ ದಿನದಿಂದ ಒಬ್ಬನನ್ನು ನೆನೆಯಲು ತೊಡಗಿದರೆ ಅವನಲ್ಲಿ ಸೈನಿಕನೊಬ್ಬನೇ ಉಳಿಯುತ್ತಾನೆ. ಸಮವಸ್ತ್ರದ ಫೋಟೋ, ಮಡಿಸಿದ ಬಾವುಟ. ಆದರೆ ರೈಲಿನ ನೆತ್ತಿಯ ಮೇಲೆ ಕುಳಿತ ಹುಡುಗನೂ ಅವನೇ. ಗಡಿ ದಾಟುವಾಗ ಕಾವಲಿನವರು ಹಿಡಿದು ವಾಪಸು ಅಟ್ಟಬಹುದಾಗಿದ್ದ ದೇಹವೇ ಉಮ್ ಕಸರ್‌ನಲ್ಲಿ ಬಿದ್ದದ್ದು. ಹುಡುಗನನ್ನು ಬಿಟ್ಟು ಸೈನಿಕನನ್ನಷ್ಟೇ ನೆನೆಯುವುದು ಅರ್ಧ ನೆನಪು, ಅದೂ ನಮಗೆ ತೊಂದರೆ ಕೊಡದ ಅರ್ಧ. ಆಗ ಪೌರತ್ವವಿಲ್ಲದೆ ಅಮೆರಿಕದ ಸೇನೆಯಲ್ಲಿದ್ದವರು ಸುಮಾರು 37,000 ಮಂದಿ. ಅವರಲ್ಲಿ ಯಾರನ್ನು ಬದುಕಿದ್ದಾಗಲೇ ನಮ್ಮವನೆನ್ನುತ್ತೀರಿ ಎಂಬ ಪ್ರಶ್ನೆಯನ್ನು ಹೊಸೆಯ ನೆನಪು ಎತ್ತದಿದ್ದರೆ, ನಾವು ನೆನೆಯುತ್ತಿರುವುದು ಅವನನ್ನಲ್ಲ.

ಅವನ ದೇಹವನ್ನು ಗ್ವಾಟೆಮಾಲಕ್ಕೆ ತಂದರು. ಅಮೆರಿಕದ ಪೌರನನ್ನು ಅವನು ಬಿಟ್ಟುಹೋಗಿದ್ದ ಊರಿನ ಮಣ್ಣಿನಲ್ಲೇ ಹೂಳಿದರು.