ಒಂದು ಸೊಪ್ಪಿನ ಕೊಂಬೆ

‘ಅಪಘಾತ ಯಾರ ತಪ್ಪಿನಿಂದ ಆಯಿತಮ್ಮಾ?’

ವಿಮಾ ಕಂಪನಿಯ ವಕೀಲರು ಪಾಟೀಸವಾಲಿನ ನಡುವೆ ಮೆತ್ತಗೆ ಕೇಳಿದರು. ಕಟಕಟೆಯಲ್ಲಿದ್ದ ತಾಯಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಅಂದಳು: ‘ಅವನ ಹಣೆಬರಹ ಸ್ವಾಮಿ. ಯಾರನ್ನ ಅಂದು ಏನ್ ಬಂತು?’

ಅವಳ ಪರ ವಕೀಲೆಯಾದ ನನ್ನ ಎದೆ ಧಸಕ್ಕೆಂದಿತು. ನಮ್ಮ ಜಿಲ್ಲೆಯ ಕೋರ್ಟುಗಳಲ್ಲಿ ಸಾಕ್ಷಿಯ ಉತ್ತರ ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಎಂಬ ಎರಡೇ ಅಚ್ಚಿನಲ್ಲಿ ಕನ್ನಡದಲ್ಲಿ ಬರೆಯಲ್ಪಡುತ್ತದೆ. ‘ಅಪಘಾತಕ್ಕೆ ಲಾರಿ ಚಾಲಕನ ನಿರ್ಲಕ್ಷ್ಯ ಕಾರಣವಲ್ಲ ಎಂದರೆ ಸರಿ’ ಎಂದು ಒಂದು ಸಾಲು ದಾಖಲಾದರೆ ಎರಡು ವರ್ಷದ ಕೇಸು ಅಲ್ಲಾಡುತ್ತಿತ್ತು. ವಕೀಲರು ಆಗಲೇ ಪೀಠದ ಕಡೆ ತಿರುಗಿದ್ದರು. ನ್ಯಾಯಾಧೀಶರು ಬೆರಳಚ್ಚುಗಾರನಿಗೆ ತಡೆಯಲು ಸನ್ನೆ ಮಾಡಿ, ತಾವೇ ಕೇಳಿದರು: ‘ಅಮ್ಮ, ನೀವು ಆ ಜಾಗಕ್ಕೆ ಹೋಗಿದ್ರಾ?’

‘ಹೋಗಿದ್ದೆ ಸ್ವಾಮಿ. ಬೆಳಕು ಹರಿಯೋ ಹೊತ್ಗೆ.’

‘ಏನು ನೋಡಿದ್ರಿ?’

‘ಲಾರಿ ರೋಡ್ ಮೇಲೇ ನಿಂತಿತ್ತು. ಹಿಂದ್ಗಡೆ ಒಂದ್ ಕಲ್ಲು ಇಕ್ಕಿರ್ಲಿಲ್ಲ. ಒಂದ್ ಸೊಪ್ಪಿನ ಕೊಂಬೆನೂ ಇಕ್ಕಿರ್ಲಿಲ್ಲ.’

ಹೆದ್ದಾರಿಯಲ್ಲಿ ಓಡಾಡುವ ಎಲ್ಲರಿಗೂ ಈ ಕೊಂಬೆ ಗೊತ್ತು. ಲಾರಿ ಕೆಟ್ಟು ನಿಂತರೆ ಕ್ಲೀನರ್ ಇಳಿದು ಬೇಲಿಯಿಂದಲೋ ಹೊಂಗೆ ಮರದಿಂದಲೋ ಒಂದು ಕೊಂಬೆ ಮುರಿದು, ಇಪ್ಪತ್ತು ಹೆಜ್ಜೆ ಹಿಂದೆ ರಸ್ತೆಗೆ ಹಾಕುತ್ತಾನೆ. ಹಿಂದೆ ಬರುವವರಿಗೆ ಅದೇ ಎಚ್ಚರಿಕೆ. ಎರಡು ನಿಮಿಷದ ಕೆಲಸ. ಮೋಟಾರು ವಾಹನ ಕಾಯ್ದೆಯ 122ನೇ ಕಲಮು ವಾಹನವನ್ನು ಅಪಾಯವಾಗುವಂತೆ ರಸ್ತೆಯಲ್ಲಿ ಬಿಡಬಾರದು ಎನ್ನುತ್ತದೆ. ಆ ಕಲಮನ್ನು ಓದದ ತಾಯಿ ಅದರ ತಿರುಳನ್ನು ಒಂದು ಕೊಂಬೆಯಲ್ಲಿ ಹೇಳಿಬಿಟ್ಟಿದ್ದಳು.

ಅವಳ ಮಗನಿಗೆ 23 ವರ್ಷ. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಹಮಾಲಿ. ಕಡಲೆಕಾಯಿ ಸುಗ್ಗಿಯಲ್ಲಿ ಕೆಲಸ ಮುಗಿಯುವಾಗ ರಾತ್ರಿ ಹನ್ನೊಂದು. ಬೈಕಿನಲ್ಲಿ ಊರಿಗೆ ಬರುವಾಗ, ಲೈಟಿಲ್ಲದೆ ನಿಂತಿದ್ದ ಲಾರಿಯ ಹಿಂಬದಿಗೆ ಹೊಡೆದ. ಗಂಡ ಸತ್ತು ಹತ್ತು ವರ್ಷವಾಗಿದ್ದ ಆ ಮನೆಗೆ ಅವನೊಬ್ಬನೇ ದುಡಿಯುವವನು.

ಇಪ್ಪತ್ತಾರು ವರ್ಷದಿಂದ ನಾನು ಚಿತ್ರದುರ್ಗ ಜಿಲ್ಲೆಯಲ್ಲಿ ಇಂಥ ಎಂ.ವಿ.ಸಿ. ಕೇಸುಗಳನ್ನು, ಅಂದರೆ ವಾಹನ ಅಪಘಾತದ ಪರಿಹಾರದ ಕೇಸುಗಳನ್ನು, ನಡೆಸುತ್ತಿದ್ದೇನೆ. ‘ಹಣೆಬರಹ’ ಎಂಬ ಮಾತನ್ನು ಕೇಳದ ವಾರವಿಲ್ಲ. ಅದರ ಜೊತೆಗೇ ಬರುವ ಇನ್ನೊಂದು ಮಾತು, ಇದೇ ತಾಯಿ ಮೊದಲ ದಿನ ನನ್ನ ಆಫೀಸಿನ ಹೊಸ್ತಿಲಲ್ಲೇ ಕೂತು ಹೇಳಿದ್ದು: ‘ಬ್ಯಾಡ ಕಣವ್ವ. ಮಗನ್ನ ಮಾರ್ಕೊಂಡಂಗಾಗ್ತದೆ.’ ಅವಳ ತಮ್ಮ ಒತ್ತಾಯ ಮಾಡಿ ಕರೆತಂದಿದ್ದ. ಊರಿನಲ್ಲಿ ಯಾರೋ ‘ಹೆಣದ ದುಡ್ಡು’ ಎಂದಿದ್ದರಂತೆ.

ಈ ಎರಡೂ ಮಾತುಗಳಿಗೆ ಉತ್ತರ ಕಾನೂನು ಪುಸ್ತಕದಲ್ಲಿ ಪೂರ್ತಿ ಸಿಗುವುದಿಲ್ಲ. ನಾನು ದೇವರನ್ನು ನಂಬುವವಳು. ವರ್ಷವರ್ಷವೂ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಕೊಬ್ಬರಿ ಸುಡುವವಳು. ಎಲ್ಲವೂ ಮೊದಲೇ ಬರೆದದ್ದಾದರೆ ನಾನು ಕೋರ್ಟಿನಲ್ಲಿ ಕೇಳುವುದೇನನ್ನು? ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ.

ಮೊದಲು ‘ಮಾರಿಕೊಂಡಂತೆ’ ಎಂಬ ಮಾತು. ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ‘ನೆತ್ತರುಗೊಡಗೆ’ ಎಂಬ ಪದವಿದೆ. ಕಾಳಗದಲ್ಲಿ ಮಡಿದವನ ಮನೆಯವರಿಗೆ ಕೊಟ್ಟ ಭೂಮಿ ಅದು. ನೆತ್ತರಿಗಾಗಿ ಕೊಟ್ಟದ್ದೆಂದು ಕಲ್ಲಿನ ಮೇಲೆ ಬರೆಸುವಾಗ ಯಾರಿಗೂ ನಾಚಿಕೆಯಾಗಲಿಲ್ಲ. ಆ ಹೊಲ ಉತ್ತು ಮಕ್ಕಳನ್ನು ಸಾಕಿದ ಹೆಂಡತಿ ಗಂಡನನ್ನು ಮಾರಿಕೊಂಡಳೆಂದು ಯಾರೂ ಅನ್ನಲಿಲ್ಲ. ಜೀವ ಹೋದ ಮನೆಯಲ್ಲಿ ಉಳಿದವರ ಹೊಟ್ಟೆ ಊರಿನ ಹೊಣೆ ಎಂಬ ತಿಳಿವು ಅದರಲ್ಲಿತ್ತು.

ಅದಕ್ಕಿಂತ ಆಳವಾದ ಪದ ಸಿಕ್ಕಿದ್ದು ಯಾಜ್ಞವಲ್ಕ್ಯ ಸ್ಮೃತಿಯಲ್ಲಿ. ಇನ್ನೊಬ್ಬರ ದೇಹಕ್ಕೆ ನೋವು ಮಾಡಿದವನು ದಂಡದ ಜೊತೆಗೆ ‘ಸಮುತ್ಥಾನ’ದ ವೆಚ್ಚವನ್ನೂ ಕೊಡಬೇಕು ಎನ್ನುತ್ತದೆ ಅದು. ಸಮುತ್ಥಾನ ಎಂದರೆ ಮತ್ತೆ ಎದ್ದು ನಿಲ್ಲುವುದು. ದಂಡ ರಾಜನಿಗೆ, ಎದ್ದು ನಿಲ್ಲುವ ಖರ್ಚು ಬಿದ್ದವನಿಗೆ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ಮನುಸ್ಮೃತಿಯ ಎಂಟನೆಯ ಅಧ್ಯಾಯವಂತೂ ಗಾಡಿ ಅಪಘಾತವನ್ನೇ ಚರ್ಚಿಸುತ್ತದೆ: ಅಚ್ಚು ಮುರಿದರೆ, ಹಗ್ಗ ಹರಿದರೆ, ಸಾರಥಿ ‘ದಾರಿ ಬಿಡಿ’ ಎಂದು ಕೂಗಿದ್ದರೆ ದಂಡವಿಲ್ಲ, ಪಳಗದ ಸಾರಥಿಯಿಂದ ಹಾನಿಯಾದರೆ ದಂಡ ಒಡೆಯನಿಗೆ. ಆ ಗ್ರಂಥ ಜಾತಿ ನೋಡಿ ದಂಡವನ್ನು ಹೆಚ್ಚುಕಡಿಮೆ ಮಾಡಿದ ಅನ್ಯಾಯವನ್ನು ನಾನು ಒಪ್ಪುವುದಿಲ್ಲ. ಆದರೆ ಕರ್ಮವನ್ನು ಅಷ್ಟು ಬಲವಾಗಿ ನಂಬಿದವರೂ ಗಾಡಿ ಹರಿದಾಗ ‘ಅವನ ಕರ್ಮ’ ಎಂದು ಕೈ ತೊಳೆದುಕೊಳ್ಳಲಿಲ್ಲ. ಹಗ್ಗ ನೋಡಿದರು, ಅಚ್ಚು ನೋಡಿದರು, ಕೂಗಿದನೋ ಇಲ್ಲವೋ ಎಂದು ಕೇಳಿದರು. ಆ ಕೂಗೇ ಇಂದಿನ ಸೊಪ್ಪಿನ ಕೊಂಬೆ.

ಹಾಗಾದರೆ ಹಣೆಬರಹ? ಬುದ್ಧನನ್ನು ಸೀವಕನೆಂಬ ಪರಿವ್ರಾಜಕ ಕೇಳುತ್ತಾನೆ: ಮನುಷ್ಯ ಅನುಭವಿಸುವುದೆಲ್ಲ ಹಿಂದಿನ ಕರ್ಮದಿಂದಲೇ ಎನ್ನುತ್ತಾರಲ್ಲ, ಹೌದೇ? ಸಂಯುತ್ತ ನಿಕಾಯದಲ್ಲಿ ಬುದ್ಧ ಕೊಡುವ ಉತ್ತರದಲ್ಲಿ ಎಂಟು ಕಾರಣಗಳಿವೆ. ಪಿತ್ತ, ಕಫ, ವಾತ, ಇವು ಮೂರೂ ಕೂಡಿದ್ದು, ಋತುವಿನ ಬದಲಾವಣೆ, ಮೈಯ ಬಗ್ಗೆ ಎಚ್ಚರಗೇಡಿತನ, ಹೊರಗಿನಿಂದ ಬಿದ್ದ ಪೆಟ್ಟು. ಕರ್ಮದ ಫಲ ಕೊನೆಯದು. ಎಲ್ಲವನ್ನೂ ಕರ್ಮಕ್ಕೆ ಕಟ್ಟುವವರು ಕಣ್ಣಿಗೆ ಕಾಣುವುದನ್ನೇ ಮೀರಿ ಮಾತಾಡುತ್ತಾರೆ ಎಂಬುದು ಅವನ ತೀರ್ಮಾನ. ಹೊರಗಿನಿಂದ ಬಿದ್ದ ಪೆಟ್ಟಿಗೆ ಬೇರೆಯೇ ಒಂದು ಸ್ಥಾನ ಕೊಟ್ಟದ್ದನ್ನು ಓದಿದ ದಿನ ನನಗೆ ನನ್ನ ವೃತ್ತಿಯ ಮೇಲೆ ಗೌರವ ಹೆಚ್ಚಿತು.

ನಮ್ಮ ತಿಪ್ಪೇರುದ್ರಸ್ವಾಮಿಯ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತನ್ನೂ ಜನ ಹಾಗೆಯೇ ತಿರುಗಿಸುತ್ತಾರೆ. ಮಾಡಿದ್ದುಣ್ಣೋ ಮಹರಾಯ ಎಂಬ ಅರ್ಥದಲ್ಲಿ, ಬಿದ್ದವರ ಮುಂದೆ. ಆದರೆ ನಮ್ಮ ಕಡೆ ಆ ಮಾತಿನ ಕಥೆ ಕೆರೆ ಕಟ್ಟಿದ ಕೂಲಿಯವರದು. ಅವರವರ ಬೆವರಿಗೆ ತಕ್ಕ ಕೂಲಿ ಅವರವರ ಕೈಗೆ ಸಿಕ್ಕಿತೆಂಬ ಕಥೆ. ದುಡಿದವನಿಗೆ ಸಲ್ಲಬೇಕಾದ್ದು ಸಲ್ಲಲಿ ಎಂಬ ಆ ಮಾತನ್ನು ನೊಂದವರ ಮೇಲೆ ಕಲ್ಲಾಗಿ ಎಸೆಯುವುದು ಸ್ವಾಮಿಗೆ ಮಾಡುವ ಅಪಚಾರ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಹೆಲ್ಮೆಟ್ಟು, ಬ್ರೇಕು, ಒಂದು ಕೆಂಪು ದೀಪ ಇವುಗಳಿಂದ ಆ ಸಂಖ್ಯೆ ಇಳಿಯುತ್ತದೆ ಎಂದಾದರೆ, ಅಷ್ಟನ್ನೂ ಹಣೆಯ ಮೇಲೆ ಬರೆದವನು ಬ್ರಹ್ಮನೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಹಣೆಬರಹವನ್ನು ಒಪ್ಪದೆ ಇರುವ ಈ ಕೆಲಸ ದಿನನಿತ್ಯ ಹೇಗಿರುತ್ತದೆಂದರೆ, ಕಾಗದಪತ್ರಗಳಿಂದ ಶುರು. ಪೊಲೀಸ್ ಠಾಣೆಯಿಂದ ಎಫ್.ಐ.ಆರ್., ಸ್ಥಳ ಮಹಜರು, ನಕ್ಷೆ. ಮೋಟಾರು ವಾಹನ ನಿರೀಕ್ಷಕರ ವರದಿ. ಆಸ್ಪತ್ರೆಯಿಂದ ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ವರದಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಬೇಕು. ದುಃಖಕ್ಕೆ ಆರು ತಿಂಗಳು ಏನೇನೂ ಸಾಲದು. ಹಾಗಾಗಿ ತಿಥಿ ಮುಗಿಯುತ್ತಿದ್ದಂತೆ ಯಾರಾದರೂ ಅವರನ್ನು ಎಬ್ಬಿಸಿ ಕರೆತರಬೇಕು. ಆಮೇಲೆ ಆದಾಯ ತೋರಿಸಬೇಕು. ಹಮಾಲಿಗೆ ಸಂಬಳದ ಚೀಟಿ ಯಾರು ಕೊಡುತ್ತಾರೆ? ದಾಖಲೆ ಇಲ್ಲದವರಿಗೆ ಕರ್ನಾಟಕದ ಕೋರ್ಟುಗಳು ಕಾನೂನು ಸೇವಾ ಪ್ರಾಧಿಕಾರದ ಆದಾಯ ಪಟ್ಟಿಯನ್ನು ನೋಡುತ್ತವೆ.

ಬದುಕುಳಿದವರ ಕೇಸು ಇನ್ನೂ ಸೂಕ್ಷ್ಮ. ಡಾಕ್ಟರು ‘ಕಾಲಿಗೆ ಇಷ್ಟು ಪರ್ಸೆಂಟು ಊನ’ ಎಂದು ಬರೆದರೆ ಮುಗಿಯಲಿಲ್ಲ. ಆ ಕಾಲಿಲ್ಲದೆ ಇವನ ಕಸುಬು ಎಷ್ಟು ನಿಂತಿತು ಎಂಬುದನ್ನು ನಾವು ತೋರಿಸಬೇಕು. ನಮ್ಮ ರಾಜ್ಯದ ಒಬ್ಬ ತರಕಾರಿ ವ್ಯಾಪಾರಿ ಕಾಲು ಕಳೆದುಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದ್ದು ನನಗೆ ಬಲು ಇಷ್ಟ. ತರಕಾರಿ ಮಾರುವುದೆಂದರೆ ಒಂದೆಡೆ ಕೂರುವುದಷ್ಟೇ ಅಲ್ಲ, ಮಂಡಿಯಿಂದ ತರಬೇಕು, ಗಾಡಿ ತಳ್ಳಬೇಕು ಎಂದು ಗಮನಿಸಿ, ದುಡಿಯುವ ಶಕ್ತಿಯ ನಷ್ಟವನ್ನು ಶೇ. 85 ಎಂದು ಎಣಿಸಿತು. ಒಬ್ಬ ಬಡವನ ದಿನವನ್ನು ಬೆಳಗಿನಿಂದ ಸಂಜೆಯವರೆಗೆ ಕಣ್ಣಿಟ್ಟು ನೋಡುವುದೂ ಒಂದು ಬಗೆಯ ಪೂಜೆಯೇ.

ಶುಲ್ಕದ ಮಾತನ್ನೂ ಹೇಳಬೇಕು. ಬರುವ ಪರಿಹಾರದಲ್ಲಿ ಪಾಲು ಮಾತಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಶವಾಗಾರದ ಮುಂದೆಯೇ ದಲ್ಲಾಳಿಗಳನ್ನು ನಿಲ್ಲಿಸಿ ಆ ನಿಯಮ ಮುರಿಯುವವರು ನಮ್ಮ ನಡುವೆ ಇದ್ದಾರೆ. ಅದು ನನಗೆ ಸಂಕಟ. ಇನ್ನೊಬ್ಬರ ಗಾಯ ದೊಡ್ಡದಾದಷ್ಟೂ ನನ್ನ ಪಾಲು ದೊಡ್ಡದಾಗುತ್ತದೆ ಎಂಬ ಸ್ಥಿತಿಯಲ್ಲಿ ಯಾವ ಮನಸ್ಸೂ ಶುದ್ಧವಾಗಿ ಉಳಿಯದು.

ಆ ತಾಯಿಗೆ ಲೆಕ್ಕ ಬಿಡಿಸಿ ಹೇಳಿದ ದಿನ ನೆನಪಿದೆ. ತಿಂಗಳಿಗೆ 12,000. ವಯಸ್ಸು ನಲವತ್ತರೊಳಗೆ, ಆದ್ದರಿಂದ ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಗೆ ಶೇ. 40 ಸೇರಿಸಿ 16,800. ಮದುವೆಯಾಗದವನು, ಹಾಗಾಗಿ ಅರ್ಧ ಅವನ ಸ್ವಂತ ಖರ್ಚಿಗೆಂದು ಕಳೆದು 8,400. ವರ್ಷಕ್ಕೆ 1,00,800. ಅವನ ವಯಸ್ಸಿಗೆ ಗುಣಕ 18. ಒಟ್ಟು 18,14,400. ಮಗನನ್ನು ಕಳೆದುಕೊಂಡದ್ದಕ್ಕೆ 40,000, ಆಸ್ತಿನಷ್ಟಕ್ಕೆ 15,000, ಅಂತ್ಯಕ್ರಿಯೆಗೆ 15,000. 2009ರ ಮತ್ತು 2017ರ ಸುಪ್ರೀಂ ಕೋರ್ಟು ತೀರ್ಪುಗಳು ಹಾಕಿಕೊಟ್ಟ ದಾರಿ ಇದು.

ಅವಳು ಮೊತ್ತದ ಕಡೆ ನೋಡಲಿಲ್ಲ. ‘ಅರ್ಧ ಯಾಕವ್ವ ಕಳೆದ್ರಿ? ಅವನು ತನಗೇಂತ ಏನೂ ಇಕ್ಕಳ್ತಿರ್ಲಿಲ್ಲ. ಎಲ್ಲಾ ತಂದು ನನ್ನ ಕೈಗೇ ಕೊಡ್ತಿದ್ದ. ಬೀಡಿ ಕೂಡ ಸೇದ್ತಿರ್ಲಿಲ್ಲ’ ಎಂದಳು. ನಾನು ಪೆನ್ನು ಕೆಳಗಿಟ್ಟೆ. ಕಾನೂನಿನ ಸರಾಸರಿಗೆ ಅವಳ ಮಗ ಗೊತ್ತಿಲ್ಲ. ಈ ಲೆಕ್ಕ ಅವನ ಬೆಲೆ ಎಂದು ಒಂದು ಕ್ಷಣವಾದರೂ ಭಾವಿಸಿದರೆ ಅದು ಪಾಪವೇ. ಇದು ಸಮುತ್ಥಾನದ ವೆಚ್ಚ: ಆ ಮನೆ ಮತ್ತೆ ಎದ್ದು ನಿಲ್ಲಲು, ಬೀಳಿಸಿದವರ ಕಡೆಯಿಂದ ಬರಬೇಕಾದ ಊರುಗೋಲು. ಹಾಗೆಂದು ಅವಳಿಗೆ ಹೇಳಿದೆ. ‘ಎದ್ದು ನಿಲ್ಲೋಕಾ?’ ಎಂದು ಕೇಳಿ ಬಹಳ ಹೊತ್ತು ಸುಮ್ಮನಿದ್ದಳು.

ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ‘ಹಣೆಬರಹ ಅನ್ನಬೇಡಿ, ಕೇಸು ಹೋಗುತ್ತದೆ’ ಎಂದು ಕಕ್ಷಿದಾರರನ್ನು ಗದರಿಸುತ್ತಿದ್ದೆ. ಅದು ತಪ್ಪೆಂದು ಈಗ ತಿಳಿದಿದೆ. ರಾತ್ರಿ ಮೂರು ಗಂಟೆಗೆ ಎದ್ದು ಕೂರುವ ತಾಯಿಗೆ ಆ ಒಂದು ಮಾತೇ ಆಸರೆ. ಅದನ್ನು ಕಿತ್ತುಕೊಳ್ಳಲು ನಾನ್ಯಾರು? ತನ್ನ ನೋವಿಗೆ ತಾನು ಕರ್ಮವೆಂದು ಹೆಸರಿಟ್ಟುಕೊಂಡರೆ ಅದು ತಾಳ್ಮೆ. ಲಾರಿಯ ಮಾಲೀಕ ಅದೇ ಮಾತಾಡಿದರೆ ಅದು ನುಣುಚಿಕೊಳ್ಳುವುದು. ಪಕ್ಕದ ಮನೆಯವರು ಆಡಿದರೆ ನಿರ್ದಯೆ. ಕರ್ಮವೆಂಬುದು ಪ್ರತಿಯೊಬ್ಬರೂ ತಮ್ಮ ಬಗ್ಗೆ ಮಾತ್ರ ಹೇಳಿಕೊಳ್ಳಬಹುದಾದ ಮಾತು. ಇನ್ನೊಬ್ಬರು ಬಿದ್ದಾಗ ನಮ್ಮ ಪಾಲಿಗಿರುವುದು ಕರ್ತವ್ಯವೊಂದೇ.

ತೀರ್ಪು ಬಂತು. ನ್ಯಾಯಮಂಡಳಿ ಲಾರಿಯ ಕಡೆಗೆ ಶೇ. 80, ಬೈಕಿನವನ ಕಡೆಗೆ ಶೇ. 20 ಹೊಣೆ ಹೊರಿಸಿತ್ತು. ಕೈಗೆ ಬರುವುದು 15,07,520 ರೂಪಾಯಿ, ಜೊತೆಗೆ ಬಡ್ಡಿ. ಹೆಚ್ಚಿನ ಪಾಲು ಬ್ಯಾಂಕಿನಲ್ಲಿ ಠೇವಣಿ. ಆ ಇಪ್ಪತ್ತನ್ನು ಹೇಳಲು ನನಗೆ ಅಳುಕು. ಮೇಲ್ಮನವಿ ಹಾಕೋಣ ಎಂದೂ ಸೇರಿಸಿದೆ. ಇಂಗ್ಲಿಷಿನಲ್ಲಿದ್ದ ತೀರ್ಪಿನ ಆ ಭಾಗವನ್ನು ಕನ್ನಡದಲ್ಲಿ ಓದಿ ಹೇಳು ಎಂದಳು. ಓದಿದೆ: ದೀಪವಿಲ್ಲದೆ, ಯಾವ ಎಚ್ಚರಿಕೆಯ ಗುರುತೂ ಇಡದೆ ಲಾರಿ ನಿಲ್ಲಿಸಿದ್ದರು, ಬೈಕಿನವನೂ ವೇಗ ತಗ್ಗಿಸಬೇಕಿತ್ತು.

‘ಕೊಂಬೆ ಇಕ್ಕಿರ್ಲಿಲ್ಲ ಅಂತ ಬರ್ದವ್ರಾ?’

‘ಹೂಂ, ಅದೇ ಅರ್ಥ.’

ಅವಳು ಕಾಗದದ ಮೇಲೆ ಅಂಗೈ ಇಟ್ಟಳು. ಎರಡೂವರೆ ವರ್ಷದಲ್ಲಿ ಅವಳ ಬಾಯಿಂದ ಮಗನ ಬಗ್ಗೆ ಒಂದೇ ಒಂದು ದೂರು ಬಂದಿರಲಿಲ್ಲ; ಹಣೆಬರಹದ ಕೆಳಗೆ ಸಿಕ್ಕಿಬಿದ್ದ ಹುಡುಗನಾಗಿಯೇ ಅವನು ಉಳಿದಿದ್ದ. ಅಂದು ಮೊದಲ ಬಾರಿಗೆ, ಮನೆಗೆ ತಡವಾಗಿ ಬಂದ ಮಗನನ್ನು ಗದರುವ ದನಿಯಲ್ಲಿ ಅಂದಳು:

‘ಇಪ್ಪತ್ತು ಅವಂದೇ ಕಣವ್ವ. ಯಾವಾಗ್ಲೂ ಜೋರಾಗೇ ಓಡಿಸ್ತಿದ್ದ. ಎಷ್ಟ್ ಹೇಳಿದ್ರೂ ಕೇಳ್ತಿರ್ಲಿಲ್ಲ.’