ಆಡದೆ ಉಳಿದ ಎರಡು ದಿನ

2007ರಿಂದ 2015ರವರೆಗೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ವರ್ಷಕ್ಕೊಂದು ಪಂದ್ಯವನ್ನು ನಾಗರಿಕ ಹಕ್ಕುಗಳ ಚಳವಳಿಗೆ ಅರ್ಪಿಸುತ್ತಿತ್ತು. ಹೆಸರು ‘ಸಿವಿಲ್ ರೈಟ್ಸ್ ಗೇಮ್’. ಮೊದಲನೆಯದು ನಡೆದದ್ದು ಮೆಂಫಿಸ್‌ನಲ್ಲಿ. ಪೌರಕಾರ್ಮಿಕರ ಮುಷ್ಕರದ ಬೆಂಬಲಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ 1968ರ ಏಪ್ರಿಲ್ 4ರಂದು ಗುಂಡೇಟಿಗೆ ಬಲಿಯಾದ ಊರು ಅದು. ಆಡಿದ್ದು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಮತ್ತು ಕ್ಲೀವ್‌ಲ್ಯಾಂಡ್ ಇಂಡಿಯನ್ಸ್. ಈ ‘ಇಂಡಿಯನ್ಸ್’ ನಾವಲ್ಲ, ಅಲ್ಲಿನ ಮೂಲನಿವಾಸಿಗಳು. ಹಲ್ಲು ಕಿರಿಯುವ ಕೆಂಪು ಮುಖವೊಂದು ಆ ತಂಡದ ಲಾಂಛನವಾಗಿತ್ತು. ಅದು ಅಂಗಿಯಿಂದ ಇಳಿದದ್ದು 2018ರ ನಂತರ, ಹೆಸರು ಬದಲಾದದ್ದು ಇನ್ನೂ ತಡವಾಗಿ. ಒಬ್ಬರ ಘನತೆಗೆಂದು ಏರ್ಪಡಿಸಿದ ಆಟಕ್ಕೆ ಇನ್ನೊಬ್ಬರನ್ನು ಅಣಕಿಸುವ ತಂಡ! ನಗಬೇಕೋ ಅಳಬೇಕೋ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ಅಂದು ಮೆಂಫಿಸ್‌ನಲ್ಲಿ ಸನ್ಮಾನಿತರಾದವರಲ್ಲಿ ವೆರಾ ಕ್ಲೆಮೆಂಟೆ ಒಬ್ಬರು. ಅವರ ಗಂಡ ರಾಬರ್ಟೊ ಕ್ಲೆಮೆಂಟೆ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಪೋರ್ಟೊರಿಕೊ ಮೂಲದ ಆಟಗಾರ. 1968ರಲ್ಲಿ ಕಿಂಗ್ ಹತ್ಯೆಯಾದಾಗ ಬೇಸ್‌ಬಾಲ್ ಋತು ಏಪ್ರಿಲ್ 8ಕ್ಕೆ ಶುರುವಾಗಬೇಕಿತ್ತು. ಅಂತ್ಯಕ್ರಿಯೆ 9ಕ್ಕೆ. ಪಂದ್ಯಗಳನ್ನು ಮುಂದೂಡುವ ಧೈರ್ಯ ಲೀಗ್‌ನ ಕಮಿಷನರ್‌ಗೆ ಇರಲಿಲ್ಲ, ಆಯಾ ತಂಡಗಳೇ ತೀರ್ಮಾನಿಸಲಿ ಎಂದುಬಿಟ್ಟರು. ಹ್ಯೂಸ್ಟನ್‌ನಲ್ಲಿ ಆಡಬೇಕಿದ್ದ ಪೈರೇಟ್ಸ್‌ನ 11 ಕಪ್ಪು ಆಟಗಾರರು ಎರಡೂ ದಿನ ಆಡುವುದಿಲ್ಲ ಎಂದರು. ಬಿಳಿಯ ಜೊತೆಗಾರರೂ ಕೈಜೋಡಿಸಿದರು. ಆಟಗಾರನಿಗೆ ತನ್ನಿಷ್ಟದ ತಂಡಕ್ಕೆ ಹೋಗುವ ಸ್ವಾತಂತ್ರ್ಯವೂ ಇಲ್ಲದ, ಮಾಲೀಕರ ಮಾತೇ ನಡೆಯುತ್ತಿದ್ದ ಕಾಲವದು. ಕೊನೆಗೆ ಎಲ್ಲ ತಂಡಗಳ ಋತುವೂ ಆರಂಭವಾದದ್ದು 10ರಂದು.

ಅಂದರೆ 1968ರಲ್ಲಿ ಗೌರವ ಎಂದರೆ ಆಡದಿರುವುದು. 2007ರಲ್ಲಿ ಟಿಕೆಟ್ ಮಾರಿ ಆಡುವುದು. ಇಷ್ಟಕ್ಕೇ ಬಿಟ್ಟರೆ ತೀರ್ಪು ಸುಲಭ. ಆದರೆ 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಮೈದಾನಕ್ಕಿಳಿದಾಗ, ದಶಕಗಳಿಂದ ಕಪ್ಪು ಆಟಗಾರರಿಗೆ ಮುಚ್ಚಿದ್ದ ಬಾಗಿಲು ತೆರೆದದ್ದು ಆಡಿದ್ದರಿಂದಲೇ. ಹಾಗಾಗಿ ಆಡಿದರೋ ಬಿಟ್ಟರೋ ಎಂದು ನೋಡಿ ಫಲವಿಲ್ಲ. ಅದಕ್ಕೆ ಯಾರು ಏನು ತೆತ್ತರು ಎಂದು ಕೇಳಬೇಕೇನೋ. ಕ್ಲೆಮೆಂಟೆ, ರಾಬಿನ್ಸನ್ ಇಬ್ಬರೂ ಕಳೆದುಕೊಳ್ಳುವ ಭಯವನ್ನು ಎದುರಿಗಿಟ್ಟುಕೊಂಡೇ ನಿಂತವರು. ಸ್ಮರಣೆಯ ಪಂದ್ಯದಲ್ಲಿ ಅಂಥ ಭಯ ಯಾರಿಗಿತ್ತು?

ಒಮ್ಮೆ ಒಬ್ಬರಿಗೆ ಬಿಸಿ ತಟ್ಟಿತು. 2011ರ ಮೇ 15, ಅಟ್ಲಾಂಟಾ. ದಾಖಲೆಗಳಿಲ್ಲದ ವಲಸಿಗರ ವಿರುದ್ಧದ ಕಠಿಣ ಕಾನೂನಿಗೆ ಜಾರ್ಜಿಯಾದ ಗವರ್ನರ್ ಸಹಿ ಹಾಕಿ ಎರಡು ದಿನವಾಗಿತ್ತು. ಪ್ರಶಸ್ತಿ ಪಡೆಯಲು ಬಂದ, ಮೆಕ್ಸಿಕೊದಲ್ಲಿ ಹುಟ್ಟಿದ ಗಿಟಾರ್ ವಾದಕ ಕಾರ್ಲೋಸ್ ಸಂತಾನಾ, ಇಂಥ ಕಾನೂನಿಗಾಗಿ ಅಟ್ಲಾಂಟಾದ ಜನ ನಾಚಿಕೊಳ್ಳಬೇಕು ಎಂದುಬಿಟ್ಟರು. ಪ್ರೇಕ್ಷಕರಲ್ಲಿ ಹಲವರು ‘ಬೂ’ ಎಂದು ಕೂಗಿದರು. ನಲವತ್ತು ವರ್ಷ ಹಿಂದಿನ ಅನ್ಯಾಯಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಬಲ್ಲವರಿಗೆ ಎರಡು ದಿನ ಹಿಂದಿನದು ಸಭಾಮರ್ಯಾದೆಗೆ ಭಂಗವಾಗಿ ಕಂಡಿತು.

ಇದನ್ನು ಮೊದಲು ಓದಿದಾಗ ಆ ಜನರ ಮೇಲೆ ನನಗೆ ನಗು ಬಂದಿತ್ತು. ಆಮೇಲೆ ಒಂದು ಏಪ್ರಿಲ್ 14 ನೆನಪಾಯಿತು. ನಮ್ಮ ವಿಭಾಗದ ಅಂಬೇಡ್ಕರ್ ಜಯಂತಿಗೆ ನಾನೇ ನಿರೂಪಕ. ಹಾರ, ದೀಪ, ಮುಖ್ಯ ಅತಿಥಿಗಳ ಭಾಷಣ ಎಲ್ಲ ಸಾಂಗವಾಗಿ ಸಾಗಿತ್ತು. ಹಿಂದಿನ ಸಾಲಿನಲ್ಲಿ ಎಂ.ಎ. ಹುಡುಗನೊಬ್ಬ ಎದ್ದು, ‘ಸರ್, ನಮ್ಮ ಸ್ಕಾಲರ್‌ಶಿಪ್ ಬಂದು ಏಳು ತಿಂಗಳಾಯ್ತು’ ಎಂದ. ಅತಿಥಿಗಳು ನನ್ನ ಮುಖ ನೋಡಿದರು. ನನ್ನ ಪ್ರಬಂಧ ಇನ್ನೂ ಮಾರ್ಗದರ್ಶಕರ ಮೇಜಿನ ಮೇಲಿತ್ತು, ಅವರು ವೇದಿಕೆಯ ಮೇಲಿದ್ದರು. ‘ಅದನ್ನ ಆಮೇಲೆ ಮಾತಾಡೋಣ, ಕೂತ್ಕೊಳ್ಳಪ್ಪ’ ಎಂದು ಮೈಕಿನಲ್ಲೇ ಹೇಳಿದೆ. ಅವನು ಕೂತ.

ವಂದನಾರ್ಪಣೆಯೂ ನನ್ನದೇ ಆಗಿತ್ತು. ಹೂವಿನವನ ಹೆಸರನ್ನೂ ಬಿಡದೆ ಹೇಳಿದೆ. ಆ ಹುಡುಗನ ಹಣ ಬಂತೇ ಎಂದು ಇವತ್ತಿನವರೆಗೂ ಕೇಳಿಲ್ಲ.